ಜುಲು, ಜೊಂಗ್ಖಾ ಮತ್ತು ನಮ್ಮ ಯಜಮಾನರ ಹೆಸರು

ನಿನ್ನೆ ಬೆಳಿಗ್ಗೆ ನನ್ನ ಸೊಸೆ ಒಲೆಯ ಮೇಲೆ ಹಾಲಿಟ್ಟು ಫೋನು ನೋಡುತ್ತಾ ನಿಂತಿದ್ದಳು. ಹಾಲು ಉಕ್ಕಿತು. ಅವಳು ನಾಲಿಗೆಯನ್ನು ಹಲ್ಲಿಗೆ ಒತ್ತಿ 'ಲೊಚ್' ಅಂದಳು. ನಾನು ಜಗಲಿಯ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಹಾಲು ಹೋಯಿತಲ್ಲ ಅಂತ ನನಗೇನೂ ಅನ್ನಿಸಲಿಲ್ಲ. ಉಕ್ಕುವುದು ಹಾಲಿನ ಗುಣ, ಫೋನು ನೋಡುವುದು ಸೊಸೆಯ ಗುಣ. ಆದರೆ ಅವಳು ಈಗ ಹೊರಡಿಸಿದ ಸದ್ದು ಜುಲು ಭಾಷೆಯಲ್ಲಿ ಒಂದು ಅಕ್ಷರ ಅನ್ನುವುದು ನೆನಪಾಯಿತು.

ನೀವು ನಗಬಹುದು. ಅಗರದಲ್ಲಿ ಕೂತು ಅವರೆಕಾಯಿ ಬಿಡಿಸುವ ಮುದುಕಿಗೆ ಜುಲು ಎಲ್ಲಿಂದ ಬಂತು ಅಂತ ಕೇಳಬಹುದು. ನ್ಯಾಯವೇ. ನನ್ನನ್ನು ಓದಿಸಿದ್ದು ಮೂರನೇ ಕ್ಲಾಸಿನವರೆಗೆ. ಆಮೇಲೆ ಮೇಷ್ಟ್ರಿಗಿಂತ ಮನೆಯ ಎಮ್ಮೆಗಳಿಗೆ ನನ್ನ ಅಗತ್ಯ ಹೆಚ್ಚಾಗಿತ್ತು. ಆದರೂ ಆಫ್ರಿಕಾದ ಜುಲು ಮಾತು, ಭೂತಾನದ ಜೊಂಗ್ಖಾ ಮಾತು, ಎರಡೂ ಒಂದೇ ಕಾಲದಲ್ಲಿ ಒಂದೇ ಅಡುಗೆಮನೆಯಲ್ಲಿ ನನ್ನ ಕಿವಿಗೆ ಬಿದ್ದದ್ದುಂಟು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಕೊಳ್ಳೇಗಾಲ, ಯಳಂದೂರು, ಹನೂರು ಸೇರಿಸಿ ಇನ್ನೊಬ್ಬರಿದ್ದರೆ ಹೇಳಿ, ಹೋಗಿ ಮಾತಾಡಿಸಿಕೊಂಡು ಬರುತ್ತೇನೆ.

ಕೆಲವು ವರ್ಷದ ಹಿಂದೆ ರೇಷ್ಮೆಯ ತರಬೇತಿಗೆ ಅಂತ ಹೊರದೇಶದಿಂದ ಒಂದಷ್ಟು ಜನ ಬಂದಿದ್ದರು. ಪಾಠ ಮುಗಿದ ಮೇಲೆ ಒಂದು ಬೆಳೆ ಹುಳುವನ್ನು ಮೊದಲಿನಿಂದ ಗೂಡು ಕಟ್ಟುವವರೆಗೆ ರೈತರ ಮನೆಯಲ್ಲೇ ಇದ್ದು ನೋಡಬೇಕು ಅಂತ ಅವರ ನಿಯಮ. ನಮ್ಮ ಮನೆಯ ಹಿಂದೆ ಹುಳುಮನೆ ಇದೆ, ಒಂದು ಕೋಣೆ ಖಾಲಿ ಇತ್ತು. ಮಗ ಹೂಂ ಅಂದ. ಇಬ್ಬರು ಹೆಂಗಸರನ್ನು ಬೈಕಿನ ಹಿಂದೆ ಒಬ್ಬೊಬ್ಬರಂತೆ ಕೂರಿಸಿಕೊಂಡು ಬಂದು ಇಳಿಸಿದ. ಮೊದಲು ಬಂದವಳು ನೊಮ್ಸಾ, ದಕ್ಷಿಣ ಆಫ್ರಿಕಾದವಳು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರ, ಮದುವೆಯಾಗಿ ಮಕ್ಕಳಿದ್ದವಳು. ಆಮೇಲೆ ಬಂದವಳು ಪೇಮಾ, ಭೂತಾನದವಳು. ಕುಳ್ಳಿ, ಕೆಂಪು ಕೆನ್ನೆ, ಇನ್ನೂ ಮದುವೆಯಾಗಿರಲಿಲ್ಲ.

ಹುಳು ಸಾಕುವುದರಲ್ಲಿ ಕಲಿಯುವುದಕ್ಕೆ ಏನಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೊಪ್ಪು ಹಾಕಬೇಕು, ಹಿಕ್ಕೆ ತೆಗೆಯಬೇಕು, ಜ್ವರಕ್ಕೆ ಹೋದಾಗ ಸುಮ್ಮನಿರಬೇಕು. ಪೊರೆ ಬಿಡುವ ಮುಂಚೆ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ನಿಲ್ಲುತ್ತದಲ್ಲ, ಅದಕ್ಕೆ ನಾವು ಜ್ವರ ಅನ್ನುವುದು. ಆಗ ಸೊಪ್ಪು ಹಾಕುವ ಹಾಗಿಲ್ಲ. ಕಲಿತವರಿಗೂ ಕಲಿಯದವರಿಗೂ ಕಷ್ಟ ಆಗುವುದು ಈ ಸುಮ್ಮನಿರುವ ಕೆಲಸವೇ. ನೊಮ್ಸಾಳ ಊರಿನಲ್ಲಿ ಮಕ್ಕಳು ಚಪ್ಪಲಿ ಡಬ್ಬಿಯಲ್ಲಿ ರೇಷ್ಮೆ ಹುಳು ಸಾಕಿ ಆಡುತ್ತಾರಂತೆ, ಅವಳೂ ಆಡಿದ್ದಳಂತೆ. ಪೇಮಾಳ ಊರಿನಲ್ಲಿ ಹುಳುವನ್ನು ಕೊಲ್ಲುವುದಿಲ್ಲ, ಚಿಟ್ಟೆ ಗೂಡು ತೂತು ಮಾಡಿ ಹಾರಿಹೋದ ಮೇಲೆ ಉಳಿದದ್ದರಲ್ಲಿ ನೂಲು ತೆಗೆಯುತ್ತಾರಂತೆ. ಇಲ್ಲಿ ಹುಳು ಒಳಗಿರುವಾಗಲೇ ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ ಅಂತ ತಿಳಿದ ದಿನ ಅವಳು ಉಣ್ಣಲಿಲ್ಲ. ನಾನು ಬಲವಂತ ಮಾಡಲಿಲ್ಲ. ಅವಳ ಹುಳು ಅವಳಿಗೆ, ನಮ್ಮ ಹುಳು ನಮಗೆ.

ಆಗಲೇ ನಮ್ಮ ಯಜಮಾನರಿಗೆ ಮರೆವು ಶುರುವಾಗಿತ್ತು. ಮೊದಮೊದಲು ಕನ್ನಡಕ, ಟವೆಲ್ಲು. ಆಮೇಲೆ ಹುಳು ಎಷ್ಟನೇ ಜ್ವರದಲ್ಲಿದೆ ಅನ್ನುವುದು. ಆಮೇಲೆ ದಾರಿ. ಒಂದು ದಿನ ತೋಟಕ್ಕೆ ಅಂತ ಹೋದವರು ಮಾಂಬಳ್ಳಿಯ ಕಡೆ ನಡೆದುಬಿಟ್ಟಿದ್ದರು. ಗುರುತಿನವರು ನೋಡಿ ಕರೆದುಕೊಂಡು ಬಂದು ಬಿಟ್ಟು ಹೋದರು. ಸುತ್ತಮುತ್ತ ಅವರನ್ನು ಬಲ್ಲವರೇ ಇರುವುದರಿಂದ ನನಗೆ ಅಂಥ ಭಯವಿರಲಿಲ್ಲ. ಯಾರೂ ಗುರುತಿಲ್ಲದ ಕಡೆ ಕಳೆದುಹೋದರೆ ಗತಿಯೇನು, ಆ ಚಿಂತೆ ಒಂದು ಮಾತ್ರ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಗ ಅವರನ್ನು ಜಗಲಿಯಿಂದ ಇಳಿಯುವುದಕ್ಕೇ ಬಿಡುತ್ತಿರಲಿಲ್ಲ.

ಮೊದಲ ದಿನ ನೊಮ್ಸಾ ಅವರ ಮುಂದೆ ಮೊಣಕಾಲು ಬಗ್ಗಿಸಿ "ಸಾವುಬೋನಾ" ಅಂದಳು. ಅವರು ಬೆಚ್ಚಿಬಿದ್ದರು.

"ಬಂದ್ ಬಂದಂಗೇ ಸಾವು ಅಂತದಲ್ಲ ಈ ಎಣ್ಣು," ಅಂದರು ನನ್ನ ಕಡೆ ನೋಡಿ.

ನನ್ನ ಸೊಸೆಗೆ ಇಂಗ್ಲಿಷ್ ಬರುತ್ತೆ. ಕೇಳಿ ಹೇಳಿದಳು, ಅದು ಅವರ ನಮಸ್ಕಾರ, 'ನಿಮ್ಮನ್ನು ನೋಡಿದೆವು' ಅಂತ ಅರ್ಥ ಅಂತ. ಯಜಮಾನರು ಸ್ವಲ್ಪ ಯೋಚನೆ ಮಾಡಿ "ಸರಿ, ನಾನೂ ನೋಡ್ದೆ" ಅಂದರು. ಮಾರನೆಯ ದಿನಕ್ಕೆ ಅದು ಮರೆತಿರುತ್ತಿತ್ತು. ಹೀಗಾಗಿ ದಿನಾ ಬೆಳಿಗ್ಗೆ ಹೊಸದಾಗಿ ಬೆಚ್ಚುವುದು, ಹೊಸದಾಗಿ ಸಮಾಧಾನವಾಗುವುದು. ಪೇಮಾಳದು ಇನ್ನೊಂದು. ಅವಳು ದೊಡ್ಡವರ ಜೊತೆ ಏನು ಮಾತಾಡಿದರೂ ಕೊನೆಗೆ 'ಲಾ' ಸೇರಿಸುತ್ತಾಳೆ, ಅದು ಅವರಲ್ಲಿ ಮರ್ಯಾದೆ. ನಮ್ಮ ಕಡೆ ಲಾ ಅನ್ನುವುದು ತಮ್ಮನಿಗೆ, ಜೊತೆಗಾರನಿಗೆ, ಮಾತು ಕೇಳದ ಎತ್ತಿಗೆ. ಯಜಮಾನರು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಅವರನ್ನು ಲಾ ಅನ್ನುವಷ್ಟು ದೊಡ್ಡವರು ಯಾರೂ ಬದುಕಿ ಉಳಿದಿರಲಿಲ್ಲ, ಬಹುಶಃ ಖುಷಿಯೇ ಆಗಿರಬೇಕು.

ಅಡುಗೆಮನೆಯಲ್ಲಿ ಕೂತು ಕೇಳುತ್ತಾ ಕೇಳುತ್ತಾ ಎರಡು ಭಾಷೆಯ ಜಾಡು ಸ್ವಲ್ಪ ಹತ್ತಿತು. ನೊಮ್ಸಾಳ ಮಾತಿನಲ್ಲಿ ನಾಲಿಗೆ ಬಡಿಯುವ ಸದ್ದುಗಳಿವೆ. ಒಂದು ನನ್ನ ಸೊಸೆ ಹಾಲಿಗೆ ಹೊರಡಿಸಿದ್ದು. ಇನ್ನೊಂದು ನಾಲಿಗೆಯನ್ನು ಅಂಗುಳಿಗೆ ಅಂಟಿಸಿ 'ಟೊಕ್' ಅಂತ ಬಿಡಿಸುವುದು, ಮಕ್ಕಳು ಕುದುರೆಯಾಟದಲ್ಲಿ ಮಾಡುತ್ತಾರಲ್ಲ ಹಾಗೆ. ಮತ್ತೊಂದು ದವಡೆಯ ಪಕ್ಕದಿಂದ ಬರುವುದು. ಅದನ್ನು ನಾವು ಎತ್ತು ಹೊಡೆಯುವಾಗ ಬಿಟ್ಟರೆ ಮತ್ತೆಲ್ಲೂ ಬಳಸುವುದಿಲ್ಲ. ಅವಳಿಗೆ ಇವೆಲ್ಲ ಕ, ಚ, ಟ ಇದ್ದ ಹಾಗೆ, ಮಾತಿನ ಮಧ್ಯದಲ್ಲೇ ಬರುತ್ತವೆ. ಅವಳು ಹಿತ್ತಲಲ್ಲಿ ನಿಂತು ಊರಿಗೆ ಫೋನು ಮಾಡಿದರೆ ಕೊಟ್ಟಿಗೆಯಲ್ಲಿದ್ದ ನಮ್ಮ ಎತ್ತುಗಳು ಕಿವಿ ನಿಮಿರಿಸಿ, ಎದ್ದು ನಿಂತು, ಹೊರಡುವುದಕ್ಕೆ ತಯಾರಾಗುತ್ತಿದ್ದವು. "ಅವ್ಕೆ ಅರ್ತಾಯ್ತದೆ, ನಮ್ಗೇ ಆಗದು," ಅನ್ನುತ್ತಿದ್ದರು ಯಜಮಾನರು.

ಪೇಮಾಳ ಜೊಂಗ್ಖಾದಲ್ಲಿ ಅಂಥ ಸದ್ದಿಲ್ಲ. ಅಲ್ಲಿ ಎಲ್ಲ ಗಂಟಲಿನ ಏರಿಳಿತ. ಒಂದು ಮಾತನ್ನು ಎತ್ತಿ ಹೇಳಿದರೆ ಒಂದು ಅರ್ಥ, ಇಳಿಸಿ ಹೇಳಿದರೆ ಇನ್ನೊಂದು. ತನ್ನ ಭಾಷೆಯಲ್ಲೂ ಏರಿಳಿತ ಇದೆ ಅಂತ ನೊಮ್ಸಾ ವಾದ ಮಾಡಿದಳು. ಇರಬಹುದು, ನನ್ನ ಕಿವಿಗೆ ಅವಳ ಲೊಚ್ಚು ಟೊಕ್ಕುಗಳೇ ಮುಂದೆ ಬಂದು ಬೀಳುತ್ತಿದ್ದವು. ಪೇಮಾಳ ಮಾತುಗಳು ಗಿಡ್ಡ. ಮುಗಿಯುವ ಮುಂಚೆಯೇ ಬಾಯಿ ಮುಚ್ಚಿದ ಹಾಗೆ, ಚಾಕುವಿನಲ್ಲಿ ಕತ್ತರಿಸಿದ ಹಾಗೆ. ನೊಮ್ಸಾಳವು ಉದ್ದ, ಕೊನೆಯಲ್ಲಿ ಬಾಯಿ ತೆರೆದೇ ಇರುತ್ತೆ, ಅ ಅಂತಲೋ ಇ ಅಂತಲೋ ಓ ಅಂತಲೋ. ನಾವು ಬಸ್ ಅನ್ನದೆ ಬಸ್ಸು ಅನ್ನುತ್ತೇವೆ, ಅವಳು ಇಬಾಸಿ ಅನ್ನುತ್ತಾಳೆ. ನಾನು ಹುಡುಗಿಯಾಗಿ ಬಿಟ್ಟು ಬಂದದ್ದು ಇಸ್ಕೂಲು, ಅವಳ ಮಕ್ಕಳು ಹೋಗುವುದು ಇಸಿಕೋಲೆ. ಇಂಗ್ಲಿಷಿನವರ ಮಾತನ್ನು ಇಸ್ಕೊಂಡು ಅದಕ್ಕೊಂದು ಹಿಡಿ ಹಾಕಿಕೊಳ್ಳುವ ಬುದ್ಧಿ ಎರಡು ಕಡೆಯವರಿಗೂ ಒಂದೇ. ನಾವು ಹಿಂದೆ ಹಾಕಿದೆವು, ಅವರು ಮುಂದೂ ಹಾಕಿದರು.

ಮುಂದೆ ಅನ್ನುವುದು ಅವರಿಗೆ ದೊಡ್ಡ ವಿಷಯ. ನಮ್ಮಲ್ಲಿ ಮನುಷ್ಯ, ಮನುಷ್ಯರು, ಬಾಲ ಬದಲಾಗುತ್ತೆ. ಅವಳಲ್ಲಿ ಒಬ್ಬನಿದ್ದರೆ ಉಮುಂಟು, ತುಂಬ ಜನ ಇದ್ದರೆ ಅಬಾಂಟು, ಮೂಗು ಬದಲಾಗುತ್ತೆ. ಸೊಸೆ ಇದನ್ನು ತಿಳಿಸಿದಾಗ ನನಗೆ ಬಹಳ ಹೊತ್ತು ಹಿಡಿಯಿತು. ಪೇಮಾಳದ್ದರಲ್ಲಿ ಮೂಗೂ ಬಾಲವೂ ಅಷ್ಟಾಗಿ ಆಡುವುದಿಲ್ಲ. ಆದರೆ ಅವಳು ನಮ್ಮ ಹಾಗೆಯೇ ಏನು ಮಾಡಿದೆ ಅನ್ನುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾಳೆ. ನಾನು ಸೊಪ್ಪು ತಂದೆ, ಹೀಗೆ. ನೊಮ್ಸಾ 'ನಾನು ತಂದೆ ಸೊಪ್ಪು' ಅನ್ನುವ ಜಾತಿ.

ಇನ್ನು ಬರವಣಿಗೆ. ಜುಲುವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ, ಅದನ್ನು ನೋಡಿ ನನಗೆ ಆಗಬೇಕಾದ್ದು ಏನೂ ಇರಲಿಲ್ಲ. ಪೇಮಾ ಒಂದು ಮಧ್ಯಾಹ್ನ ತನ್ನ ಅಕ್ಷರ ಬರೆದು ತೋರಿಸಿದಳು. ಸರಪಳಿಗೆ ನೇತುಹಾಕಿದ ಕೊಡಲಿಗಳ ಹಾಗೆ ಕಾಣುತ್ತಿದ್ದವು. ಬೆರಳಿಟ್ಟು ಓದಿದಳು: ಕ, ಖ, ಗ, ಙ. ನಾನು ತಲೆ ಎತ್ತಿದೆ. ಚ, ಛ, ಜ, ಞ, ಅಂದಳು. ನಾನೂ ಜೊತೆಗೆ ಅಂದೆ. ತ, ಥ, ದ, ನ. ಪ, ಫ, ಬ, ಮ. ಮಧ್ಯ ಮಧ್ಯ ಅವಳು ಕೆಲವು ಬಿಟ್ಟಳು, ಘ ಇಲ್ಲ, ಝ ಇಲ್ಲ, ಟ ಠ ಅನ್ನುವ ಸಾಲೇ ಇಲ್ಲ. ಅವಳ ಮೇಷ್ಟ್ರೂ ನನ್ನ ಮೇಷ್ಟ್ರ ಹಾಗೆ ಅವಸರದವರು ಇರಬೇಕು ಅಂದುಕೊಂಡೆ. ಎಮ್ಮೆಗಳಿಗೋಸ್ಕರ ಬಿಟ್ಟ ಅಕ್ಷರಮಾಲೆಯನ್ನು ಹಿಮಾಲಯದ ಹುಡುಗಿಯ ಜೊತೆ ಒಪ್ಪಿಸಿದ ಹಾಗಾಯಿತು. ಹಾಗಾದರೆ ಯಾರ ಮಾತು ನಮಗೆ ಹತ್ತಿರ ಅತ್ತೆ, ಅಂತ ಸೊಸೆ ಕೇಳಿದಳು. ಅಕ್ಷರದಲ್ಲಿ ಪೇಮಾಳದು, ಬಾಯಲ್ಲಿ ನೊಮ್ಸಾಳದು, ಬಾಕಿ ಎಲ್ಲದರಲ್ಲೂ ಇಬ್ಬರೂ ದೂರ ಅಂದೆ. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳು ಹೇಳಬೇಕಾಗುತ್ತೆ.

ಮರ್ಯಾದೆಯ ವಿಷಯಕ್ಕೆ ಬಂದಾಗ ಮಾತ್ರ ನನ್ನ ಲೆಕ್ಕ ತಪ್ಪಿತು. ಪೇಮಾಳ ಭಾಷೆಯಲ್ಲಿ ಮರ್ಯಾದೆ ಅಂದರೆ ಮಾತನ್ನು ಮೇಲೆ ಎತ್ತುವುದು. ನನ್ನ ಕೈಗೆ ಒಂದು ಮಾತು, ದೊಡ್ಡವರ ಕೈಗೆ ಬೇರೆ ಮಾತು. ನಾನು ತಿನ್ನುವುದು ಬೇರೆ, ಅವರು ತಿನ್ನುವುದು ಬೇರೆ. ನಮ್ಮಲ್ಲೂ ಸ್ವಾಮಿಗಳು ಬರುವುದಿಲ್ಲ, ದಯಮಾಡಿಸುತ್ತಾರೆ. ಉಣ್ಣುವುದಿಲ್ಲ, ಪ್ರಸಾದ ಸ್ವೀಕರಿಸುತ್ತಾರೆ. ಆದರೆ ಅದು ವರ್ಷಕ್ಕೊಂದು ಸಲದ ಕೆಲಸ, ಅವಳಿಗೆ ದಿನಾ. ಬಡಿಸಲು ಹೋದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು 'ಮೇಶು ಮೇಶು' ಅನ್ನುತ್ತಾಳೆ. ಬೇಡ ಅಂದವರಿಗೆ ಬಡಿಸುವ ಅಭ್ಯಾಸ ನನಗಿಲ್ಲ, ಪಾತ್ರೆ ಎತ್ತಿಕೊಂಡು ಮುಂದೆ ಹೋಗುತ್ತಿದ್ದೆ. ಮೂರನೇ ಸಲ ಕೇಳಿದರೆ ಮಾತ್ರ ಹೂಂ ಅನ್ನುವುದು ಅವರ ಪದ್ಧತಿ ಅಂತ ತಿಳಿಯುವ ಹೊತ್ತಿಗೆ ಹುಡುಗಿಯ ಕೆನ್ನೆ ಸ್ವಲ್ಪ ಇಳಿದಿತ್ತು.

ನೊಮ್ಸಾಳ ಭಾಷೆಯಲ್ಲಿ ಮರ್ಯಾದೆ ಅಂದರೆ ಬಾಯಿ ಮುಚ್ಚುವುದು. ಅದು ಗೊತ್ತಾದದ್ದು ಅವಳು ನಮ್ಮ ಯಜಮಾನರ ಹೆಸರು ಕೇಳಿದ ದಿನ. ನೀವು ಗಮನಿಸಿರಬಹುದು, ಇಷ್ಟು ಹೊತ್ತಾದರೂ ನಾನು ಅವರ ಹೆಸರು ಹೇಳಿಲ್ಲ. ನಮ್ಮ ಕಾಲದವರು ಹೇಳುವುದಿಲ್ಲ. ಮನೆಯಲ್ಲಿ ನಾನು ಅವರನ್ನು ಕರೆಯುವುದು 'ಇಲ್ಕೇಳಿ' ಅಂತ. ಹೊರಗಿನವರು ಕೇಳಿದರೆ ಪಕ್ಕದಲ್ಲಿದ್ದವರು ಹೇಳುತ್ತಾರೆ. ನನ್ನ ಪಾಡು ಇನ್ನೂ ಸ್ವಲ್ಪ ಕಷ್ಟ, ಯಾಕೆಂದರೆ ಅವರದು ಬೆಟ್ಟದ ಸ್ವಾಮಿಯ ಹೆಸರು. ಬೆಟ್ಟ ಹತ್ತುವಾಗ ಎಲ್ಲರೂ ಉಘೇ ಅಂತ ಸ್ವಾಮಿಯ ಹೆಸರು ಸೇರಿಸಿ ಕೂಗುತ್ತಾರೆ. ಮದುವೆಯಾದ ಮೇಲೆ ನಾನು ಬರೀ ಉಘೇ ಉಘೇ ಅಂತ ಕೂಗಿಕೊಂಡು ಹತ್ತಿದವಳು. ಸ್ವಾಮಿಗೆ ಅರ್ಥವಾಗಿರಬೇಕು, ನಮ್ಮ ಕಡೆ ಅರ್ಧ ಜನ ಹೆಂಗಸರ ಗಂಡಂದಿರಿಗೆ ಅದೇ ಹೆಸರು.

ನೊಮ್ಸಾ ಕೇಳಿದಾಗ ನಾನು ಸೊಸೆಯ ಮುಖ ನೋಡಿದೆ. ಬ್ಯಾಂಕಿನಲ್ಲಿ, ಫೋನಿನಲ್ಲಿ ಅವಳು ಮಾವನ ಹೆಸರು ಹೇಳುತ್ತಾಳೆ, ನನಗೆ ಗೊತ್ತು. ನನ್ನ ಎದುರಿಗೆ ಹೇಳುವುದಿಲ್ಲ. ಮೊರದಲ್ಲಿದ್ದ ರಾಗಿ ಹಿಟ್ಟಿನ ಮೇಲೆ ಬೆರಳಿನಿಂದ ಇಂಗ್ಲಿಷಿನಲ್ಲಿ ಬರೆದು ತೋರಿಸಿದಳು. ನೊಮ್ಸಾ ಬಗ್ಗಿ ಮನಸ್ಸಿನಲ್ಲೇ ಓದಿಕೊಂಡಳು, ಬಾಯಿ ಬಿಡಲಿಲ್ಲ. ಆಮೇಲೆ ತೊಡೆ ತಟ್ಟಿಕೊಂಡು ನಕ್ಕಳು. ಅವರಲ್ಲೂ ಸೊಸೆಯಾದವಳು ಮಾವನ ಹೆಸರು ಹೇಳುವ ಹಾಗಿಲ್ಲವಂತೆ. ಅಷ್ಟೇ ಅಲ್ಲ, ಆ ಹೆಸರಿನ ತುಂಡು ಬೇರೆ ಯಾವ ಮಾತಿನಲ್ಲಿ ಬಂದರೂ ಅದನ್ನೂ ಹೇಳುವ ಹಾಗಿಲ್ಲ. ಅವಳ ಮಾವನ ಹೆಸರಿನ ತುಂಡು ದಾರಿ ಅನ್ನುವ ಮಾತಿನಲ್ಲಿದೆಯಂತೆ. ಅತ್ತೆಯ ಮನೆಯಲ್ಲಿ ಅವಳು ದಾರಿಗೆ ಬೇರೆ ಏನೋ ಅನ್ನುತ್ತಾಳೆ. ಇದಕ್ಕೆ ಹ್ಲೊನಿಪಾ ಅಂತ ಹೆಸರು. ಪೇಟೆಯವರು ಬಿಟ್ಟಿದ್ದಾರೆ, ನಾನು ಅತ್ತೆಯ ಮುಂದೆ ಬಿಟ್ಟಿಲ್ಲ ಅಂದಳು. ನಾನು ಬರೀ ಉಘೇ ಅನ್ನುವುದನ್ನು ಸೊಸೆ ಅವಳಿಗೆ ಹೇಳಿದಳು. ನೊಮ್ಸಾ ನನ್ನ ಕೈ ಹಿಡಿದು, ನೀನು ನಮ್ಮವಳೇ ಗೋಗೋ ಅಂದಳು. ಗೋಗೋ ಅಂದರೆ ಅಜ್ಜಿ. ಆವತ್ತಿನಿಂದ ಯಜಮಾನರು ಊಟಕ್ಕೆ ಬಂದು ಕೂತರೆ ಅವಳು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು, ಕಣ್ಣೆತ್ತಿ ನೋಡುತ್ತಿರಲಿಲ್ಲ. ಈ ಮನೆಯ ಇನ್ನೊಬ್ಬ ಸೊಸೆ ಅಂತ ತಾನೇ ತೀರ್ಮಾನ ಮಾಡಿಕೊಂಡಿದ್ದಳು. ಅದರಿಂದ ಮುಂದೆ ಏನಾಗುತ್ತೆ ಅಂತ ಯಾರಿಗೆ ಗೊತ್ತಿತ್ತು.

ಹುಳು ಕೊನೆಯ ಜ್ವರಕ್ಕೆ ಹೋದ ದಿನ ಅಮಾವಾಸ್ಯೆ ಬಿತ್ತು. ಸೊಪ್ಪು ಹಾಕುವ ಕೆಲಸವಿಲ್ಲ. ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗುವುದು ಯಜಮಾನರಿಗೆ ಹುಡುಗನಿಂದ ರೂಢಿ, ಎಲ್ಲ ಮರೆತರೂ ಅದು ಮರೆತಿರಲಿಲ್ಲ. ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಹಸಿರು ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಮಗ ಬೇಡ ಅಂದ. ನಾನಿರುತ್ತೇನೆ ಅಂದೆ. ನಾವೂ ಬರುತ್ತೇವೆ ಅಂತ ನೊಮ್ಸಾ, ಪೇಮಾ ಹೊರಟರು. ಮಗನೂ ಸೊಸೆಯೂ ಹುಳುಮನೆಗೆ ಉಳಿದರು. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದೆವು. ಹನೂರು ದಾಟಿದ ಮೇಲೆ ಬಸ್ಸಿನಲ್ಲಿ ತಮಿಳು ಶುರುವಾಯಿತು. ಇದು ಯಾವ ಭಾಷೆ ಅಂತ ಪೇಮಾ ಕೈಸನ್ನೆಯಲ್ಲಿ ಕೇಳಿದಳು. ನಾನು ಉತ್ತರ ಹೇಳುವಷ್ಟರಲ್ಲಿ ಅವರೇ ಕನ್ನಡಕ್ಕೆ ಬಂದಿದ್ದರು. ಗಡಿಯ ಜನ ಹಾಗೆ, ಮಾತಿನ ಅರ್ಧಕ್ಕೆ ಭಾಷೆ ಬದಲಾಯಿಸಿಬಿಡುತ್ತಾರೆ.

ಬೆಟ್ಟದಲ್ಲಿ ಜನವೋ ಜನ. ದರ್ಶನ ಮುಗಿಸಿ ಹೊರಗೆ ಬಂದು, ಪೇಮಾಳ ಚಪ್ಪಲಿ ಹುಡುಕುವುದಕ್ಕೆ ನಾವು ಮೂವರೂ ಬಗ್ಗಿದೆವು. ತಲೆ ಎತ್ತಿದಾಗ ಯಜಮಾನರು ಇರಲಿಲ್ಲ.

ಸುತ್ತ ಇದ್ದವರೆಲ್ಲ ಬಿಳಿ ಪಂಚೆ, ಹಸಿರು ಟವೆಲ್ಲು, ಹಣೆಗೆ ವಿಭೂತಿ. ಸ್ವಲ್ಪ ಹೊತ್ತು ಸುತ್ತಾಡಿದೆವು. ಆಮೇಲೆ ಮೈಕಿನಲ್ಲಿ ಕೂಗಿಸುವ ಜಾಗಕ್ಕೆ ಹೋದೆವು. ಒಂದು ಸಣ್ಣ ಶೆಡ್ಡು, ಒಳಗೆ ಮೇಜು, ಮೇಜಿನ ಮುಂದೆ ಒಬ್ಬ ಹುಡುಗ. ಅವನಿಗೆ ನಮ್ಮ ಯಜಮಾನರು ಕಾಣುತ್ತಿಲ್ಲ, ಮರೆವು ಇದೆ, ಅಗರದವರು ಅಂತ ಹೇಳಿದೆ.

"ಎಸ್ರು?" ಅಂದ.

ನಾನು ನೊಮ್ಸಾಳ ಕಡೆ ನೋಡಿದೆ. ಅವಳಿಗೆ ಹೆಸರು ಗೊತ್ತು, ಹಿಟ್ಟಿನ ಮೇಲೆ ಓದಿದ್ದಾಳೆ. ಹೇಳು ಅಂತ ಸನ್ನೆ ಮಾಡಿದೆ. ಅವಳು ತಲೆಯ ಬಟ್ಟೆ ಸರಿಮಾಡಿಕೊಂಡು, ನೆಲ ನೋಡಿಕೊಂಡು, ಆಗುವುದಿಲ್ಲ ಅಂತ ತಲೆ ಆಡಿಸಿದಳು. ಪೇಮಾಳ ಕಡೆ ನೋಡಿದೆ. "ಆಗೇ ಲಾ," ಅಂದಳು ಪೇಮಾ. ಅವಳ ಭಾಷೆಯಲ್ಲಿ ಅದು ತಾತ. ಬಂದ ದಿನದಿಂದ ಅವಳು ಅವರನ್ನು ಕರೆದದ್ದೇ ಹಾಗೆ, ಹೆಸರು ಕೇಳಿಕೊಂಡೇ ಇರಲಿಲ್ಲ.

"ಎಸ್ರೇಳವ್ವ. ಎಸ್ರಿಲ್ದೆ ಎಂಗ್ ಕೂಗ್ಲಿ?" ಅಂದ ಹುಡುಗ.

ಮೂರು ದೇಶದ ಮೂರು ಹೆಂಗಸರು ನಿಂತಿದ್ದೆವು, ಒಬ್ಬರ ಬಾಯಿಂದಲೂ ಒಂದು ಹೆಸರು ಬರಲಿಲ್ಲ. ಕೊನೆಗೆ ನಾನು ಗುಡಿಯ ಕಡೆ ಕೈ ತೋರಿಸಿದೆ.

"ಇವ್ರ ಎಸ್ರೇಯ."

"ಮಾದಪ್ಪಾನಾ?" ಅಂದ. ಇದು ಅವನು ಹೇಳಿದ್ದು, ನಾನಲ್ಲ. ನಾನು ತಲೆ ಆಡಿಸಿದೆ.

ಅವನು ಕೂಗಿದ. ಅಗರದ ಮಾದಪ್ಪ ಎಲ್ಲಿದ್ದರೂ ಬರಬೇಕು ಅಂತ. ಆ ಗದ್ದಲದಲ್ಲಿ ಅಗರ ಯಾರಿಗೂ ಕೇಳಿಸಲಿಲ್ಲ, ಮಾದಪ್ಪ ಎಲ್ಲರಿಗೂ ಕೇಳಿಸಿತು. ಬಂಡಳ್ಳಿಯ ಮಾದಪ್ಪ ಒಬ್ಬ ಬಂದ. ತಮಿಳುನಾಡಿನ ಕಡೆಯ ಮಾದಪ್ಪ ಒಬ್ಬ ಬಂದು ಏನು ವಿಷಯ ಅಂತ ತಮಿಳಿನಲ್ಲಿ ಕೇಳಿದ. ಹೆಂಡತಿಯನ್ನು ಕಳೆದುಕೊಂಡಿದ್ದ ಇನ್ನೊಬ್ಬ ಮಾದಪ್ಪ ಓಡಿಬಂದು, ಅವಳು ನಾನಲ್ಲ ಅಂತ ನೋಡಿ, ನನ್ನ ಮೇಲೆಯೇ ಸಿಟ್ಟು ಮಾಡಿಕೊಂಡು ಹೋದ. ನಮ್ಮವರು ಬರಲಿಲ್ಲ. ನೊಮ್ಸಾ ಎತ್ತರದವಳು ಅಂತ ಅವಳನ್ನು ಬಸ್ ನಿಲ್ದಾಣಕ್ಕೆ ಕಳಿಸಿದೆ. ಪೇಮಾ ದಾಸೋಹದ ಸಾಲಿನುದ್ದಕ್ಕೂ "ಆಗೇ ಲಾ, ಆಗೇ ಲಾ" ಅಂತ ಮೆಲ್ಲಗೆ ಕರೆಯುತ್ತಾ ಹೋದಳು. ಇಬ್ಬರೂ ಬರಿಗೈಯಲ್ಲಿ ವಾಪಸ್ಸು ಬಂದರು.

ಬಿಸಿಲು ಇಳಿಯುತ್ತಿತ್ತು. ಬೆಟ್ಟದ ಸುತ್ತ ಕಾಡು, ಕೆಳಗೆ ತಿರುವಿನ ದಾರಿ, ಗುರುತಿನವರು ಒಬ್ಬರೂ ಇಲ್ಲ. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಜಾಗದಲ್ಲಿ ನಿಂತಿದ್ದೆ. ಶಾಸ್ತ್ರ ದೊಡ್ಡದೋ ಮನುಷ್ಯ ದೊಡ್ಡವನೋ ಅಂತೆಲ್ಲ ನನಗೆ ಹೊಳೆಯಲಿಲ್ಲ. ಕತ್ತಲಾಗುತ್ತೆ ಅನ್ನುವುದಷ್ಟೇ ಹೊಳೆದದ್ದು. ಆ ಹುಡುಗನ ಕೈಯಿಂದ ಮೈಕು ತೆಗೆದುಕೊಂಡು, ಸೆರಗು ಹೊದ್ದುಕೊಂಡು, ಹೇಳಿದೆ.

"ಮಾದಪ್ಪ."

ಮದುವೆಯಾದಾಗಿನಿಂದ ಹೇಳದ ಮಾತು. ಬಾಯಿ ಸುಡಲಿಲ್ಲ, ಏನೂ ಆಗಲಿಲ್ಲ. ಕಂಬ ಕಂಬದ ಮೇಲಿಂದ ನನ್ನ ಧ್ವನಿ ನನಗೇ ವಾಪಸ್ಸು ಬಂತು. ಅಂಗಳದಲ್ಲಿದ್ದ ಜನ ಯಾರೋ ಮುದುಕಿ ಭಕ್ತಿಯಿಂದ ಕೂಗುತ್ತಿದ್ದಾಳೆ ಅಂದುಕೊಂಡು "ಉಘೇ ಉಘೇ" ಅಂದರು. ಇನ್ನೊಂದು ಸಲ ಕರೆದೆ. ಇನ್ನೂ ಜೋರಾಗಿ ಉಘೇ ಅಂದರು. ಸ್ವಾಮಿ ಬಂದಿದ್ದರೂ ಬರಬಹುದಿತ್ತು, ಯಜಮಾನರು ಬರಲಿಲ್ಲ.

ಆಗ ನನಗೆ ಸಿಟ್ಟು ಬಂತು. ಇಷ್ಟು ವರ್ಷದ ನೇಮ ಮುರಿದು ಕರೆದರೂ ಬರುವುದಿಲ್ಲ ಅಂದರೆ ಏನು. ಸಿಟ್ಟಿನಲ್ಲಿ ಬಾಯಿ ತನ್ನ ಪಾಡಿಗೆ ತಾನು ದಿನದ ಮಾತು ಆಡಿತು.

"ಇಲ್ಕೇಳಿ! ಇಟ್ಟು ಆರೋಯ್ತದೆ, ಎಷ್ಟೊತ್ತು ಕರೀಲಿ?"

ನಮ್ಮ ಕಡೆ ಹಿಟ್ಟು ಅಂದರೆ ರಾಗಿ ಮುದ್ದೆ. ಜನ ಈ ಸಲ ಉಘೇ ಅನ್ನಲಿಲ್ಲ. ಶೆಡ್ಡಿನ ಹಿಂದುಗಡೆಯಿಂದ, ನನ್ನಿಂದ ಕೈಯಳತೆಯಲ್ಲಿ, "ಬಂದೆ ಕಣೆ, ಬಂದೆ," ಅಂತ ಕೇಳಿತು. ಯಜಮಾನರು ಹಸಿರು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಅಲ್ಲೇ ಗೋಡೆಯ ನೆರಳಿನಲ್ಲಿ ಯಾರದೋ ಪುರಿ ಪ್ರಸಾದ ಹಂಚಿಕೊಂಡು ತಿನ್ನುತ್ತಾ ಕೂತಿದ್ದರು. ಮೈಕಿನ ಕಂಬ ಅವರ ತಲೆಯ ಮೇಲೆಯೇ ಇತ್ತು.

"ಆಗ್ಲಿಂದ ಯಾವ್ಳೋ ಎಂಗ್ಸು ಯಾವನ್ನೋ ಕೂಗ್ತಾ ಅವ್ಳೆ," ಅಂದರು. "ಪಾಪ, ಸಿಕ್ಕುದ್ನಾ?"

"ಸಿಕ್ದ," ಅಂದೆ.

ಮೈಕಿನ ಹುಡುಗ ನಗುವುದನ್ನು ತಡೆದುಕೊಂಡು ಆ ಕಡೆ ತಿರುಗಿದ. ನೊಮ್ಸಾ ನೆಲ ನೋಡುವುದನ್ನು ಬಿಟ್ಟು, ಹಿಟ್ಟಿನ ಮೇಲೆ ಹೆಸರು ಓದಿದ ಮೇಲೆ ಮೊದಲ ಸಲ, ಯಜಮಾನರ ಮುಖವನ್ನೇ ನೋಡಿ "ಸಾವುಬೋನಾ" ಅಂದಳು. ಅವರು ಬೆಚ್ಚಲಿಲ್ಲ. ಹಿಟ್ಟು ಎಲ್ಲಿ ಅಂತ ಕೇಳಿದರು.

ಬಸ್ಸಿನಲ್ಲಿ ಅವರು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು. ಹಿಂದಿನ ಸೀಟಿನಿಂದ ಪೇಮಾ ತನಗೆ ಬಂದಷ್ಟು ಕನ್ನಡದಲ್ಲಿ, ಬಾಕಿಯದನ್ನು ಕೈಸನ್ನೆಯಲ್ಲಿ ಹೇಳಿದಳು, ಅವಳ ದೇಶದಲ್ಲಿ ಹೆಸರುಗಳು ಕೆಲವೇ, ಮನೆತನದ ಹೆಸರೂ ಇಲ್ಲ, ಗಂಡಿಗೂ ಹೆಣ್ಣಿಗೂ ಪೇಮಾ ಅಂತಲೇ ಇಡುತ್ತಾರೆ. ಸಂತೆಯಲ್ಲಿ ಪೇಮಾ ಅಂತ ಕೂಗಿದರೆ ಇವತ್ತು ಆದ ಹಾಗೆಯೇ ಆಗುತ್ತೆ ಅಂತ. ಹಾಗಾದರೆ ನಿಮ್ಮವ್ವ ಏನಂತ ಕೂಗುತ್ತಾಳೆ ಅಂತ ಕೇಳಿದೆ. ಹೆಸರು ಕೂಗುವುದಿಲ್ಲ, ಬೈಯುತ್ತಾಳೆ, ನನಗೆ ಗೊತ್ತಾಗುತ್ತೆ ಅಂದಳು. ನೊಮ್ಸಾ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ನಾನು ಹೆಸರು ಹೇಳಿದ್ದು ಅವಳಿಗೆ ಸರಿಬಂತೋ ಇಲ್ಲವೋ ಗೊತ್ತಿಲ್ಲ. ಹನೂರಿನಲ್ಲಿ ಬಸ್ಸು ನಿಂತಾಗ ನನ್ನ ಸೆರಗು ಜಾರಿದ್ದನ್ನು ಹಿಂದಿನಿಂದ ಎತ್ತಿ ಸರಿಯಾಗಿ ಹೊದಿಸಿದಳು, ಅಷ್ಟೇ.

ಹುಳು ಜ್ವರದಿಂದ ಎದ್ದವು, ತಿಂದವು, ಹಣ್ಣಾಗಿ ಗೂಡು ಕಟ್ಟಿದವು. ಗೂಡು ಬಿಡಿಸುವ ಹಿಂದಿನ ದಿನ ಪೇಮಾ ಹೊರಟಳು, ಮುಂದಿನದ್ದನ್ನು ನೋಡುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ. ನೊಮ್ಸಾ ಬಿಡಿಸುವವರೆಗೂ ಇದ್ದು, ಒಂದು ಗೂಡನ್ನು ಮಕ್ಕಳಿಗೆ ಅಂತ ಇಸ್ಕೊಂಡು ಹೋದಳು. ಆಗಾಗ ಸೊಸೆಯ ಫೋನಿಗೆ ಅವರ ಮಾತು ಬರುತ್ತೆ. ಈಗಲೂ ಎತ್ತುಗಳಿದ್ದಿದ್ದರೆ ಕಿವಿ ನಿಮಿರಿಸುತ್ತಿದ್ದವು. ಮಾರಿದೆವು, ಹೊಡೆಯುವವರು ಇಲ್ಲವಲ್ಲ.

ಯಜಮಾನರ ಮರೆವು ಮುಂದೆ ಹೋಗಿದೆ. ಕೊಳ್ಳೇಗಾಲದ ಡಾಕ್ಟರು ದಿನಾ ಬೆಳಿಗ್ಗೆ ಅವರಿಗೆ ಅವರ ಹೆಸರು, ವಾರ, ನಾವು ಯಾರು ಅನ್ನುವುದನ್ನೆಲ್ಲ ಹೇಳುತ್ತಿರಿ ಅಂದಿದ್ದಾರೆ. ವಾರ ಸೊಸೆ ಹೇಳುತ್ತಾಳೆ. ಹೆಸರು ನನ್ನ ಪಾಲಿಗೆ ಬಂದಿದೆ. ಬೆಟ್ಟದಲ್ಲಿ ಒಂದು ಸಲ ಹೇಳಿದ ಮೇಲೆ ನಾಲಿಗೆ ತಡೆಯುವುದಿಲ್ಲ. ಅವರು ಉಣ್ಣುವುದಕ್ಕೆ ಏಳಬೇಕಾದರೆ ಮಾತ್ರ ಇಲ್ಕೇಳಿ ಅನ್ನಲೇಬೇಕು, ಅದಕ್ಕೆ ಬದಲಿ ಇಲ್ಲ.

ನಿನ್ನೆ ಸೊಸೆ ಲೊಚ್ ಅಂದಾಗ ಅವರು ಜಗಲಿಯಲ್ಲಿ ಕೂತಿದ್ದರು. ತಟ್ಟನೆ ಒಳಗೆ ತಿರುಗಿ ನೋಡಿದರು.

"ಆ ಎತ್ರುದ್ ಎಣ್ಣು ಬಂದದಾ?"

ಮಗನ ಮುಖವೇ ಕೆಲವು ದಿನ ಗುರುತು ಸಿಗುವುದಿಲ್ಲ. ಆ ಸದ್ದು ಎಲ್ಲಿ ಉಳಿದಿತ್ತೋ. ಇಲ್ಲ, ಹಾಲು ಉಕ್ಕಿತು ಅಂದೆ. ಹೌದಾ ಅಂದರು. ಹೆಸರು ಹೇಳುವುದು ಬಾಕಿ ಇತ್ತು, ಹೇಳಿದೆ.

"ಮಾದಪ್ಪ."

"ಒಳ್ಳೆ ಎಸ್ರು," ಅಂದರು. "ಯಾರ್ದು?"

"ಬೆಟ್ಟದ ಸ್ವಾಮೀದು. ನೀವು ಈಸ್ಕಂಡಿದ್ದೀರಿ."

ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ಆಗ್ಲಿ, ವಾಪಸ್ ಕೊಟ್ಬುಟ್ರಾಯ್ತು."

ನಾನು ಅವರೆಕಾಯಿಯ ಮೊರವನ್ನು ಅವರ ಕಡೆ ಸ್ವಲ್ಪ ತಳ್ಳಿದೆ. ಕಾಯಿ ಬಿಡಿಸುವುದು ಅವರಿಗೆ ಇನ್ನೂ ಮರೆತಿಲ್ಲ.